ಮಂಜ ಎಂದರೆ ಓಗೊಟ್ಟವನು

ಹಿಟ್ಟು ರುಬ್ಬುವ ಯಂತ್ರವೊಂದು ತನ್ನ ಕಥೆ ಹೇಳಲು ಹೊರಟಿದೆ, ದಯವಿಟ್ಟು ಮನ್ನಿಸಿ. ಇಲ್ಲಿಗೆ ಬಂದ ಮೇಲೆ ನಾನು ಹೋಟೆಲಿನ ಹೊಸ್ತಿಲು ದಾಟಿದವನಲ್ಲ. ಕಿವಿಗೆ ಬಿದ್ದದ್ದನ್ನಷ್ಟೇ ಹೇಳುತ್ತೇನೆ, ತಪ್ಪಿದ್ದರೂ ಇರಬಹುದು.

ನಾನು ಹುಟ್ಟಿದ್ದು ಕೊಯಮತ್ತೂರಿನಲ್ಲಿ. ಕರಿಕಲ್ಲು ಕಡೆದು, ಉಕ್ಕಿನ ತೊಟ್ಟಿಯಲ್ಲಿ ಕೂರಿಸಿ, ಮೋಟಾರು ಬಿಗಿದು ಲಾರಿ ಹತ್ತಿಸಿದರು. ಇಳಿದದ್ದು ದಾವಣಗೆರೆಯಲ್ಲಿ, ಚನ್ನಬಸಮ್ಮನವರ ಬೆಣ್ಣೆದೋಸೆ ಹೋಟೆಲಿನಲ್ಲಿ. ಪರರಾಜ್ಯದಿಂದ ಬಂದವನೆಂದು ನನ್ನನ್ನು ಯಾರೂ ಕಾಗದ ಕೇಳಲಿಲ್ಲ.

ಮೊದಲು ನನ್ನನ್ನು ನೋಡಿಕೊಂಡವನು ಹರಿಹರದ ಮಂಜುನಾಥ. ಅವನು ಬಿಟ್ಟ ಮೇಲೆ ಬಂದವನನ್ನೂ ಅಮ್ಮ ಮಂಜ ಎಂದೇ ಕರೆದರು. ಆ ಹೋಟೆಲಿನ ರೂಢಿಯೇ ಹಾಗೆ: ರುಬ್ಬುವವನು ಯಾರೇ ಇರಲಿ, ಮಂಜ. ಹಾಜರಿ ಪುಸ್ತಕದಲ್ಲೂ ಅದೇ ಹೆಸರು ಮುಂದುವರಿಯಿತು. ಮೂರನೆಯ ಮಂಜ ಪಶ್ಚಿಮ ಬಂಗಾಳದ ಗಡಿಜಿಲ್ಲೆ ಕೂಚ್‌ಬಿಹಾರದವನು. ಉದ್ದಿನ ಹಿಟ್ಟಿನ ಹನಿಯೊಂದನ್ನು ನೀರಿಗೆ ಬಿಟ್ಟು, ಅದು ತೇಲಿದರೆ ಮಾತ್ರ ನನ್ನನ್ನು ನಿಲ್ಲಿಸುತ್ತಿದ್ದ. ನಾಲ್ಕು ವರ್ಷ ನಾವಿಬ್ಬರೂ ಸುಖವಾಗಿದ್ದೆವು.

ಆಮೇಲೊಂದು ಬೇಸಿಗೆಯಲ್ಲಿ ಆದೇಶ ಬಂತು. ಹೊರರಾಜ್ಯದವರನ್ನು ಕೆಲಸಕ್ಕಿಟ್ಟವರು ಅವರ ಹೆಸರು, ಊರು, ಸೇರಿದ ದಿನ ಬರೆದು ಠಾಣೆಗೆ ಕೊಡಬೇಕು. ದೇಶದ ಗಡಿಯಾಚೆಯವರಲ್ಲ ಎಂದು ಖಾತ್ರಿಯಾಗಬೇಕು. ಸುಳ್ಳು ಬರೆದರೆ ಪರವಾನಗಿ ರದ್ದು. ಪಕ್ಕದ ಹೋಟೆಲಿನವರು ಹೆದರಿ ನಾಲ್ವರನ್ನು ಅಂದೇ ರೈಲು ಹತ್ತಿಸಿದರು.

ಅಮ್ಮ ಅರ್ಜಿ ಹಿಡಿದು ಅಡುಗೆಮನೆಗೆ ಬಂದರು. "ಲೇ ಮಂಜ, ನಿನ್ ಹೆಸ್ರೇನೋ?"

"ನಿರ್ಮಲ್ ಬರ್ಮನ್, ಅಮ್ಮಾ."

"ಅಯ್ಯೋ ಶಿವನೆ! ಮತ್ತೆ ನಾಕ್ ವರ್ಷದಿಂದ ಮಂಜ ಅಂದ್ರೆ ಓ ಅಂತಿದ್ಯಲ್ಲೋ?"

"ಕರೆಯೋರು ನೀವು. ಓ ಅನ್ನದೆ ಇದ್ರೆ ಬೈತಿದ್ರಿ."

ಇಬ್ಬರೂ ನಕ್ಕರು. ಆದರೆ ಪುಸ್ತಕ ತೆರೆದಾಗ ಅಮ್ಮನ ನಗು ನಿಂತಿತು. ನಾಲ್ಕು ವರ್ಷದ ಹಾಳೆಗಳಲ್ಲಿ ನಿರ್ಮಲ್ ಎಂಬವನೇ ಇರಲಿಲ್ಲ.

ಗಲ್ಲಾಪೆಟ್ಟಿಗೆಯಲ್ಲಿ ಕೂರುವ ಮುರಿಗೆಪ್ಪ ಹೇಳಿದ: "ನಿನ್ನೆ ಬಂದ ಅಂತ ಬರೀರಿ, ಅಕ್ಕ. ಇಲ್ಲಾ ಕಳಿಸಿಬಿಡ್ರಿ. ಹೋಟ್ಲು ಮುಚ್ಚಿಸ್ಕಂತೀರಾ?"

"ತಪ್ಪು ನಂದು. ಅವನ್ಯಾಕೆ ಹೋಗ್ಬೇಕು?" ಎಂದು ಅಮ್ಮ ಇದ್ದದ್ದನ್ನು ಇದ್ದ ಹಾಗೆ ಬರೆದರು.

ಪರಿಶೀಲನೆಗೆ ಬಂದವರು ದಿನವೂ ನಮ್ಮಲ್ಲೇ ದೋಸೆ ತಿನ್ನುವ ಹೆಡ್ ಕಾನ್‌ಸ್ಟೆಬಲ್ ನೀಲಕಂಠಪ್ಪ. "ಈ ಪುಸ್ತಕದಲ್ಲಿ ಈ ಮನುಷ್ಯನೇ ಇಲ್ವಲ್ಲಮ್ಮ!"

"ಹೆಸರಿಲ್ಲ, ಸಾಹೇಬ್ರೆ. ನೀವು ತಿಂದ ದೋಸೇಲಿ ಇದ್ದಾನೆ."

ಅವರು ತಲೆ ತಗ್ಗಿಸಿದರು. ಪರವಾನಗಿಗೆ ಕೈ ಹಚ್ಚಲಿಲ್ಲ. ಆದರೆ ನಿರ್ಮಲನ ಗುರುತುಚೀಟಿಯ ಪ್ರತಿಯನ್ನು ಅವನ ಊರಿನ ಕಚೇರಿಗೆ ಕಳಿಸಬೇಕು, ಉತ್ತರ ಬರುವವರೆಗೆ ಅವನು ಕೆಲಸ ಮಾಡುವಂತಿಲ್ಲ ಎಂದರು. ಒಂದು ತಿಂಗಳು ಕಾದ ನಿರ್ಮಲ, ಊರಿನ ಕಚೇರಿಯಿಂದ ತಾನೇ ಪತ್ರ ತರುತ್ತೇನೆಂದು ಹೊರಟ. ಹೋಗುವ ಮೊದಲು ನನ್ನ ಕಲ್ಲನ್ನು ಎರಡು ಸಲ ತೊಳೆದ.

ಬಳಿಕ ಅಮ್ಮನೇ ರುಬ್ಬಿದರು. ಹಿಟ್ಟು ತರಿತರಿಯಾಯಿತು. ಹೊರಗಿನವರೆಲ್ಲ ಹೋಗಲಿ ಎನ್ನುತ್ತಿದ್ದ ಗಿರಾಕಿಗಳೇ "ದೋಸೆ ಯಾಕೋ ಮೊದ್ಲಿನಂಗಿಲ್ಲ" ಎಂದು ಗೊಣಗಿದರು. ಸಂಜೆಯ ಹೊತ್ತು ಹೋಟೆಲು ಮುಚ್ಚತೊಡಗಿತು.

ಈಗ ನನ್ನ ಮೋಟಾರು ಸುಟ್ಟಿದೆ. ಉಗ್ರಾಣದ ಮೂಲೆಯಲ್ಲಿ ಮಂಡಕ್ಕಿ ಚೀಲ ಹೊತ್ತು ಕೂತಿದ್ದೇನೆ. ಆ ಆದೇಶ ಸರಿಯೋ ತಪ್ಪೋ ಹೇಳುವಷ್ಟು ತಿಳಿವಳಿಕೆ ನನಗಿಲ್ಲ. ಹಾಜರಿ ಪುಸ್ತಕದಲ್ಲಿ ಈಗ ಅಮ್ಮ ಬರೆದ ನಿರ್ಮಲ್ ಬರ್ಮನ್ ಎಂಬ ಹೆಸರಿದೆ. 'ಕೆಲಸ ಬಿಟ್ಟ ದಿನ' ಎಂಬಲ್ಲಿ ಏನೂ ಬರೆದಿಲ್ಲ. ಕೇಳಿದವರಿಗೆ ಅಮ್ಮ, "ರಜದ ಮೇಲೆ ಹೋಗ್ಯಾನೆ" ಎನ್ನುತ್ತಾರೆ. ಮೂರು ವರ್ಷವಾಯಿತು. ಅವನಿಗೆ ಆ ಪತ್ರ ಸಿಕ್ಕಿತೋ, ಇನ್ನೂ ಕಚೇರಿಯ ಮುಂದೆ ನಿಂತಿದ್ದಾನೋ, ಬೇರೆ ಯಾವುದೋ ಊರಿನಲ್ಲಿ ಬೇರೆ ಯಾರದೋ ಹೆಸರಿಗೆ ಓ ಎನ್ನುತ್ತಿದ್ದಾನೋ, ನನಗೆ ತಿಳಿಯದು.