ಮಗ್ಗದ ಸದ್ದಿಗೆ ಅಳದ ಮಗು

ಅಜ್ಜಿಗೆ ಮೊಮ್ಮಕ್ಕಳು ಇಬ್ಬರು, ಅಳತೆಗೋಲು ಒಂದೇ. ಆ ಅಳತೆಗೋಲು ದೊಡ್ಡವಳು. ದೊಡ್ಡವಳಿಗೆ ಈಗ ಐದು ವರ್ಷ. ಅವಳು ಯಾವ ತಿಂಗಳಲ್ಲಿ ಬೋರಲು ಬಿದ್ದಳು, ಯಾವ ತಿಂಗಳಲ್ಲಿ ಕೂತಳು, ಮೊದಲ ಹಲ್ಲು ಮೇಲೆ ಬಂತೋ ಕೆಳಗೆ ಬಂತೋ, ಎಲ್ಲವೂ ಅಜ್ಜಿಗೆ ಬಾಯಿಪಾಠ. ಕನ್ನಡಕ ಎಲ್ಲಿಟ್ಟೆ ಎಂಬುದು ಮಾತ್ರ ನೆನಪಿರುತ್ತಿರಲಿಲ್ಲ.

ಆ ಅಳತೆಯ ಪ್ರಕಾರ ಚಿಕ್ಕವನು ಎಲ್ಲದರಲ್ಲೂ ಮುಂದೆ. ದೊಡ್ಡವಳು ನಡೆದದ್ದು ಒಂದೂವರೆ ವರ್ಷಕ್ಕೆ, ಇವನು ಹನ್ನೊಂದನೇ ತಿಂಗಳಿಗೇ ಗೋಡೆ ಬಿಟ್ಟ. ದೊಡ್ಡವಳು ಮಗ್ಗದ ಸದ್ದಿಗೆ ಎಂಟು ತಿಂಗಳು ಅತ್ತು ಮನೆಯವರ ಪ್ರಾಣ ಹಿಂಡಿದ್ದಳು. ಇವನೋ, ನಾಲ್ಕು ಮಗ್ಗ ಒಟ್ಟಿಗೆ ಓಡುವಾಗಲೂ ಪಕ್ಕದ ತೊಟ್ಟಿಲಲ್ಲಿ ಗಾಢ ನಿದ್ದೆ. ಇವನು ಮಗ್ಗದ ಮನೆಗೆಂದೇ ಹುಟ್ಟಿದವನು ಎಂದು ಅಜ್ಜಿ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಮನೆ ಎಂದರೆ ಮುಂದಿನ ಹಜಾರದಲ್ಲಿ ನಾಲ್ಕು ವಿದ್ಯುತ್ ಮಗ್ಗ, ಹಿಂದೆ ಅಡುಗೆಮನೆ, ನಡುವೆ ಒಂದು ಕೋಣೆ. ಕೋಣೆಯ ನೆಲ ಮರದ ಹಲಗೆಯದು. ಕೆಳಗೆ ನೂಲಿನ ಚೀಲ ಇಡುವ ನೆಲಮಾಳಿಗೆ. ಕರೆಂಟ್ ಇದ್ದಷ್ಟು ಹೊತ್ತು ಮಗ್ಗ ಓಡಬೇಕು, ಮಗ್ಗ ಓಡುವಷ್ಟು ಹೊತ್ತು ಅಲ್ಲಿ ಮಾತಿಗೆ ಕೆಲಸವಿಲ್ಲ. ಅದಕ್ಕೆ ಮನೆಯವರು ತಮ್ಮದೇ ದಾರಿ ಕಂಡುಕೊಂಡಿದ್ದರು. ಯಾರನ್ನಾದರೂ ಕರೆಯಬೇಕಾದರೆ ಹಿಮ್ಮಡಿಯಿಂದ ನೆಲ ಗುದ್ದುವುದು. ಹೆಬ್ಬೆರಳು ಬಾಯಿಗೆ ಎತ್ತಿದರೆ ನೀರು. ಬೆರಳು ಸುತ್ತಿದರೆ ಕಂಡಿಕೆ, ಅಂದರೆ ಲಾಳಿಯೊಳಗೆ ಕೂರುವ ನೂಲಿನ ಪುಟ್ಟ ಕೊಳವೆ, ತಂದುಕೊಡು ಎಂದರ್ಥ. ಗಂಡಹೆಂಡಿರ ಜಗಳವೂ ಕೈಯಲ್ಲೇ. ನೋಡಿದವರಿಗೆ ನೊಣ ಓಡಿಸುತ್ತಿದ್ದಾರೆ ಅನ್ನಿಸಬೇಕು. ನಲವತ್ತು ವರ್ಷ ಮಗ್ಗದ ಮುಂದೆ ನಿಂತು ಅಜ್ಜಿಯ ಕಿವಿ ಅರ್ಧ ಹೋಗಿತ್ತು. ಅದನ್ನು ಯಾರೂ ಗಮನಿಸಿರಲಿಲ್ಲ, ಅಜ್ಜಿಯೂ ಸೇರಿದಂತೆ.

ಇಂಥ ಮನೆಯಲ್ಲಿ ಮಾತಾಡದ ಮಗು ಯಾರ ಕಣ್ಣಿಗೆ ಬೀಳಬೇಕು? ಚಿಕ್ಕವನಿಗೆ ಒಂದು ವರ್ಷ ನಾಲ್ಕು ತಿಂಗಳು. ನೀರಿನ ಸನ್ನೆ ಬರುತ್ತಿತ್ತು, ಕಂಡಿಕೆಯ ಸನ್ನೆ ಬರುತ್ತಿತ್ತು, ಬೇಡ ಎನ್ನುವುದಂತೂ ಚೆನ್ನಾಗಿಯೇ ಬರುತ್ತಿತ್ತು. ಬಾಯಲ್ಲಿ ಮಾತ್ರ ಅಪ್ಪ ಇಲ್ಲ, ಅಮ್ಮ ಇಲ್ಲ.

ತಿಂಗಳಿಗೊಮ್ಮೆ ಆ ಬೀದಿಗೆ ಬರುವ ದಾದಿಗೆ ಜನ ಕಾರ್ಡಕ್ಕ ಎಂದು ಹೆಸರಿಟ್ಟಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಮಗುವಿನ ಕಾರ್ಡ್ ಕೇಳುವುದು ಅವಳ ನಮಸ್ಕಾರ. ಲಸಿಕೆ ಬರೆಯುವ ಆ ಕಾರ್ಡಿನ ಹಿಂಬದಿಯಲ್ಲಿ ಮಗು ಯಾವ ವಯಸ್ಸಿಗೆ ಏನೇನು ಮಾಡಬೇಕು ಎಂದು ಚಿತ್ರ ಸಮೇತ ಅಚ್ಚಾಗಿತ್ತು. ಚಿಕ್ಕವನ ಕಾರ್ಡಿನ ಮುಂಬದಿ ತುಂಬಿತ್ತು. ಹಿಂಬದಿಯಲ್ಲಿ ಒಂದು ಗುರುತೂ ಇರಲಿಲ್ಲ.

"ಮಾತು ಎಷ್ಟು ಬರುತ್ತೆ?" ಎಂದು ಕಾರ್ಡಕ್ಕ ಮಗ್ಗದ ಸದ್ದಿನ ಮೇಲೆ ಕೂಗಿ ಕೇಳಿದಳು.

ಸೊಸೆ ಬಾಯಿ ತೆರೆದಳು. ಉತ್ತರ ಅಜ್ಜಿಯಿಂದ ಬಂತು. "ದೊಡ್ಡವಳು ಬಾಯಿ ಬಿಟ್ಟದ್ದೇ ಎರಡೂಕಾಲು ವರ್ಷಕ್ಕೆ ಕಣಮ್ಮ. ಈಗ ಬಾಯಿ ಮುಚ್ಚಿಸೋಕೆ ಲಂಚ ಕೊಡಬೇಕು. ಇವನೂ ಅದೇ ಹೊಟ್ಟೇಲಿ ಹುಟ್ಟಿದವನು ತಾನೆ."

"ಅವಳು ಮಾತಾಡ್ತಿರಲಿಲ್ಲ, ಸರಿ. ಕರೆದರೆ ತಿರುಗ್ತಿದ್ದಳಾ?"

"ಇದೊಳ್ಳೆ ಕೇಳಿದೆ. ಅಡುಗೆಮನೇಲಿ ಡಬ್ಬದ ಮುಚ್ಚಳ ತೆಗೆದರೆ ಇಷ್ಟು ಗದ್ದಲದಲ್ಲೂ ಓಡಿ ಬರ್ತಿದ್ದಳು."

"ಇವನು?"

ಅಜ್ಜಿ ಎದ್ದಳು. ಚಿಕ್ಕವನು ಅವರಿಗೆ ಬೆನ್ನು ಮಾಡಿ ಕೋಣೆಯ ನೆಲದಲ್ಲಿ ಖಾಲಿ ಕಂಡಿಕೆ ಜೋಡಿಸುತ್ತಿದ್ದ. ಅವನ ಹಿಂದೆ ನಿಂತು ಹಲಗೆಯನ್ನು ಹಿಮ್ಮಡಿಯಿಂದ ಎರಡು ಸಲ ಗುದ್ದಿದಳು. ಅವನು ಗಕ್ಕನೆ ತಿರುಗಿ ನಕ್ಕ. ಅಜ್ಜಿ ಕೋರ್ಟಿನಲ್ಲಿ ಗೆದ್ದುಬಂದವಳ ಹಾಗೆ ಕಾರ್ಡಕ್ಕನ ಮುಖ ನೋಡಿದಳು.

ಕಾರ್ಡಕ್ಕ ನಗಲಿಲ್ಲ. ಮಗುವನ್ನು ಎತ್ತಿ ಮಂಚದ ದಪ್ಪ ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಕೂರಿಸಿ, ಈಗ ಇನ್ನೊಮ್ಮೆ ಗುದ್ದಿ ಎಂದಳು. ಅಜ್ಜಿ ಗುದ್ದಿದಳು. ನೆಲಮಾಳಿಗೆಯ ಇಲಿಗಳು ಮನೆ ಬಿಟ್ಟಿರಬೇಕು. ಚಿಕ್ಕವನು ತಿರುಗಲಿಲ್ಲ.

"ಹಲಗೆ ಅದುರೋದು ಅವನ ಮೈಗೆ ಗೊತ್ತಾಗ್ತಿದೆ ಅಜ್ಜಿ. ಕಿವಿಗಲ್ಲ."

ಈ ಗದ್ದಲದಲ್ಲಿ ತನಗೇ ಏನೂ ಕೇಳಿಸುವುದಿಲ್ಲ, ಮಗುವಿಗೇನು ಕೇಳಿಸೀತು ಎಂದು ಅಜ್ಜಿ ವಾದ ಹೂಡಿದಳು. ಅದೂ ನಿಜವೇ ಎಂದು ಕಾರ್ಡಕ್ಕ ಒಪ್ಪಿಕೊಂಡಳು. ವಾರಕ್ಕೊಂದು ದಿನ ಆ ಬೀದಿಗೆ ಕರೆಂಟ್ ಇರುತ್ತಿರಲಿಲ್ಲ. ಆ ದಿನವೇ ಬರುತ್ತೇನೆ ಎಂದು ಹೇಳಿ ಹೋದಳು.

ಹೇಳಿದ ಹಾಗೆ ಬಂದಳು. ಮಗ್ಗಗಳು ನಿಂತಿದ್ದವು. ಬೀದಿಯ ಸೈಕಲ್ ಗಂಟೆ ಮನೆಯೊಳಗೇ ಬಾರಿಸಿದಂತೆ ಕೇಳುತ್ತಿತ್ತು. ಚಿಕ್ಕವನನ್ನು ಸೊಸೆ ತೊಡೆಯ ಮೇಲೆ ಕೂರಿಸಿಕೊಂಡಳು. ಕಾರ್ಡಕ್ಕ ಅವನ ಕಣ್ಣಿಗೆ ಬೀಳದಂತೆ, ನೆರಳೂ ತಾಗದಂತೆ ಹಿಂದೆ ನಿಂತು ಗಿಲಕಿ ಅಲ್ಲಾಡಿಸಿದಳು. ಬಲಕ್ಕೊಮ್ಮೆ, ಎಡಕ್ಕೊಮ್ಮೆ. ಆಮೇಲೆ ಸ್ಟೀಲ್ ಬಟ್ಟಲಿಗೆ ಚಮಚದಿಂದ ಬಡಿದಳು. ಬೀದಿಯಲ್ಲಿ ಆಡುತ್ತಿದ್ದ ದೊಡ್ಡವಳು ಓಡಿ ಬಂದು ತಿನ್ನಲು ಏನಿದೆ ಎಂದಳು. ಚಿಕ್ಕವನು ಕೈಯಲ್ಲಿದ್ದ ಕಂಡಿಕೆಯಿಂದ ಕಣ್ಣು ಎತ್ತಲಿಲ್ಲ.

ಅಜ್ಜಿಗೆ ಇದು ಸರಿಕಾಣಲಿಲ್ಲ. ಯಾರದೋ ಬಟ್ಟಲಿಗೆ ಮಗು ಯಾಕೆ ತಿರುಗಬೇಕು? ತಾನೇ ಹಿಂದೆ ನಿಂತು "ಬಂಗಾರೂ" ಎಂದಳು. ಇನ್ನೊಮ್ಮೆ, ಇನ್ನೂ ಜೋರಾಗಿ. ಮೂರನೆಯ ಸಲಕ್ಕೆ ಎದುರುಮನೆಯವಳು ಬಾಗಿಲಿಗೆ ಬಂದು ಯಾರ ಜಗಳ ಎಂದು ವಿಚಾರಿಸಿದಳು. ಚಿಕ್ಕವನು ಕಂಡಿಕೆಯ ತುದಿಯನ್ನು ಬಾಯಿಗಿಟ್ಟುಕೊಂಡ.



"ಆರು ತಿಂಗಳಲ್ಲಿ ಆ, ಊ ಅಂತಿದ್ದ," ಎಂದಳು ಸೊಸೆ, ಮಗುವಿನ ತಲೆಯ ಮೇಲಿಂದ ಯಾರನ್ನೂ ನೋಡದೆ. "ಆಮೇಲೆ ಅದೂ ನಿಂತುಹೋಯ್ತು. ನಾನು ಹೇಳಿದ್ದೆ ಅತ್ತೆ. ನೀವು ದೊಡ್ಡವಳ ಕಥೆ ಹೇಳಿದಿರಿ. ನಾನು ಸುಮ್ಮನಾದೆ."

ಅಜ್ಜಿ ಕೈ ಚಾಚಿ ಮಗುವಿನ ಬಾಯಿಂದ ಕಂಡಿಕೆ ತೆಗೆದಳು.

"ದೊಡ್ಡವಳನ್ನೂ ಆಗ ತೋರಿಸಬೇಕಿತ್ತು," ಎಂದಳು ಕಾರ್ಡಕ್ಕ. "ಅವಳು ಪಾರಾದಳು. ಪಾರಾದ ಒಬ್ಬಳನ್ನು ಮುಂದಿಟ್ಟುಕೊಂಡು ಇನ್ನೊಬ್ಬನನ್ನು ಅಳೆಯೋಕೆ ಆಗಲ್ಲ ಅಜ್ಜಿ. ಒಬ್ಬರು ಬೇಗ ನಡೀತಾರೆ, ಒಬ್ಬರು ತಡವಾಗಿ. ಅದಕ್ಕೆ ಒಂದು ಮಿತಿ ಇರುತ್ತೆ. ಆ ಮಿತಿ ಈ ಕಾರ್ಡಲ್ಲಿದೆ, ಅಕ್ಕನಲ್ಲಿಲ್ಲ."

ಪೇಟೆಯ ಆಸ್ಪತ್ರೆಯಲ್ಲಿ ಮಗುವನ್ನು ಮಲಗಿಸಿ, ಹಣೆಗೂ ಕಿವಿಯ ಹಿಂದಕ್ಕೂ ತಂತಿ ಅಂಟಿಸಿ ಪರೀಕ್ಷೆ ಮಾಡಿದರು. ನೋವಿಲ್ಲ, ಸೂಜಿಯಿಲ್ಲ. ಎರಡೂ ಕಿವಿಗೆ ಬಹಳ ಕಡಿಮೆ ಕೇಳಿಸುತ್ತದೆ, ಬಹುಶಃ ಹುಟ್ಟಿನಿಂದಲೇ, ಎಂದರು ಡಾಕ್ಟರಮ್ಮ. ಕಿವಿಗೆ ಯಂತ್ರ ಹಾಕಿ ಇಂದಿನಿಂದಲೇ ತರಬೇತಿ ಶುರು ಮಾಡಬೇಕು. ಮೊದಲ ಆರು ತಿಂಗಳೊಳಗೆ ಬಂದಿದ್ದರೆ ದಾರಿ ಹತ್ತಿರವಾಗುತ್ತಿತ್ತು. ಹೋದ ವರ್ಷವನ್ನು ವಾಪಸ್ ತರುವ ಔಷಧಿ ತಮ್ಮಲ್ಲಿಲ್ಲ. ಇಷ್ಟನ್ನೂ ಅವರು ಗದರದೆ ಹೇಳಿದರು. ಗದರಿದ್ದರೆ ಅಜ್ಜಿಗೆ ಜಗಳವಾಡಲು ಅನುಕೂಲವಾಗುತ್ತಿತ್ತು.

"ಮಾತು ಬರುತ್ತಾ?" ಎಂದು ಅಜ್ಜಿ ಕೇಳಿದಳು.

"ಬರಬಹುದು. ಎಷ್ಟು ಅಂತ ಈಗ ಹೇಳಲಾರೆ."

"ಏನು?" ಎಂದಳು ಅಜ್ಜಿ. ಡಾಕ್ಟರಮ್ಮ ಮತ್ತೆ ಹೇಳಿದರು. ಅಜ್ಜಿ ಮತ್ತೆ ಏನು ಎಂದಳು. ಡಾಕ್ಟರಮ್ಮ ಇನ್ನೊಂದು ಚೀಟಿ ತೆಗೆದುಕೊಂಡು ಅಜ್ಜಿಯ ವಯಸ್ಸು ಕೇಳಿದರು.

ತರಬೇತಿಯ ಟೀಚರು ಸನ್ನೆ ಬಿಡಬೇಡಿ, ಅದೂ ಭಾಷೆಯೇ, ಆದರೆ ಸನ್ನೆಯ ಜೊತೆ ಮಾತೂ ಇರಲಿ ಎಂದಿದ್ದರು. ದಿನಕ್ಕೆ ಎರಡು ಗಂಟೆ ಸದ್ದಿಲ್ಲದ ಕೋಣೆಯಲ್ಲಿ ಮಗುವನ್ನು ಮಾತಾಡಿಸಬೇಕು. ಮಗ್ಗ ಓಡುವಾಗ ಯಂತ್ರ ತೆಗೆದಿಡಬೇಕು. ಆ ಮನೆಯಲ್ಲಿ ಸದ್ದಿಲ್ಲದ ಕೋಣೆ ಎಲ್ಲಿಂದ ಬರಬೇಕು? ತನ್ನ ಮದುವೆಯ ಮಾರನೇ ಬೆಳಗ್ಗೆಯೂ ಮಗ್ಗ ನಿಲ್ಲಿಸದಿದ್ದ ಅಜ್ಜಿಯ ಮಗ ಪ್ರತಿ ಮಧ್ಯಾಹ್ನ ಸ್ವಿಚ್ಚು ಆರಿಸತೊಡಗಿದ.

ಆ ಎರಡು ಗಂಟೆ ಅಜ್ಜಿಯದಾಯಿತು. ಕಾಲು ನೆಲಕ್ಕೆ ಗುದ್ದದಂತೆ ಮಡಚಿ ಕೂತು, ಬಾ, ತಾ, ಅಮ್ಮ, ಅಕ್ಕ ಎನ್ನುತ್ತಾಳೆ. ಹೇಳಿದ್ದನ್ನೇ ಎಷ್ಟು ಸಲ ಹೇಳಬೇಕೆಂದರೂ ಅವಳಿಗೆ ಬೇಸರವಿಲ್ಲ. ಅಭ್ಯಾಸ ಮೊದಲಿನಿಂದ ಇದೆ. ಚಿಕ್ಕವನು ಯಂತ್ರವನ್ನು ಕಿತ್ತು ಎಸೆಯುತ್ತಾನೆ. ಒಮ್ಮೆ ನೀರಿನ ಬಕೆಟ್ಟಿಗೆ ಹಾಕಲು ಹೊರಟಿದ್ದ. ಎರಡು ತಿಂಗಳು ಕಳೆಯಿತು. ಮಾತು ಬಂದಿಲ್ಲ. ದೊಡ್ಡವಳ ಕಥೆಯನ್ನು ಅಜ್ಜಿ ಆ ಎರಡು ತಿಂಗಳಲ್ಲಿ ಒಮ್ಮೆಯೂ ಎತ್ತಲಿಲ್ಲ.

ಒಂದು ಮಧ್ಯಾಹ್ನ ಮಗ ಹೊತ್ತು ಮರೆತು, ಮಗುವಿನ ಕಿವಿಯಿಂದ ಯಂತ್ರ ತೆಗೆಯುವ ಮೊದಲೇ ಸ್ವಿಚ್ಚು ಒತ್ತಿಬಿಟ್ಟ. ನಾಲ್ಕು ಮಗ್ಗ ಒಟ್ಟಿಗೆ ಶುರುವಾದವು. ಚಿಕ್ಕವನು ಮೈಯೆಲ್ಲ ಬೆಚ್ಚಿ, ಹಜಾರದ ಕಡೆಗೆ ತಿರುಗಿ, ಬಾಯಿ ಅಷ್ಟಗಲ ತೆರೆದು ಅತ್ತ.

ಅಜ್ಜಿ ಅವನನ್ನು ಎದೆಗವಚಿಕೊಂಡು ಯಂತ್ರ ತೆಗೆದಳು. ಓಡಿ ಬಂದ ಸೊಸೆಗೆ ಏನೋ ಹೇಳಲು ಹೋದಳು. ಸದ್ದಿನಲ್ಲಿ ಸೊಸೆಗೆ ಕೇಳಿಸಲಿಲ್ಲ. ತುಟಿ ನೋಡಿ ತಿಳಿದುಕೊಂಡಳು.

"ದೊಡ್ಡವಳೂ ಹೀಗೇ ಅಳ್ತಿದ್ದಳು."

ಅಮ್ಮಂದಿರೇ, ಅಪ್ಪಂದಿರೇ, ಎಲ್ಲ ಬಲ್ಲ ಅಜ್ಜಿಯರೇ, ಅಕ್ಕ ತಡವಾಗಿ ಮಾತಾಡಿದಳು ಎಂದು ತಮ್ಮನಿಗಾಗಿ ಕಾಯಬೇಡಿ. ಹುಟ್ಟಿದ ಮಗು ದೊಡ್ಡ ಸದ್ದಿಗೆ ಬೆಚ್ಚಬೇಕು. ಆರು ತಿಂಗಳ ಹೊತ್ತಿಗೆ ಸದ್ದು ಬಂದ ಕಡೆ ತಿರುಗಬೇಕು. ವರ್ಷದೊಳಗೆ ಬಾಬಾ, ದಾದಾ ಎಂದು ತೊದಲಬೇಕು, ಹೆಸರು ಕರೆದರೆ ನೋಡಬೇಕು. ಇದಾಗದಿದ್ದರೆ, ಅಥವಾ ತೊದಲುತ್ತಿದ್ದ ಮಗು ಸುಮ್ಮನಾಗಿಬಿಟ್ಟರೆ, ಮುಂದಿನ ತಿಂಗಳು ನೋಡೋಣ ಎನ್ನದೆ ಆಸ್ಪತ್ರೆಗೆ ಕರೆದೊಯ್ಯಿರಿ. ಹುಟ್ಟಿದ ದಿನಗಳಲ್ಲೇ ಮಾಡುವ ಕಿವಿಯ ಪರೀಕ್ಷೆಯೂ ಇದೆ, ಕೇಳಿ ಮಾಡಿಸಿಕೊಳ್ಳಿ. ಕಾರ್ಡಿನ ಹಿಂಬದಿಯನ್ನು ಒಮ್ಮೆ ತಿರುವಿ ನೋಡಿ.

ನಿಮ್ಮ ಮನೆಯಲ್ಲಿ ಯಾವ ಗದ್ದಲಕ್ಕೂ ಏಳದ ಜಾಣ ಮಗುವಿದ್ದರೆ, ಅದು ಎಚ್ಚರವಿರುವಾಗ, ಸದ್ದಡಗಿದ ಹೊತ್ತು ನೋಡಿ, ನೆಲ ಗುದ್ದದೆ, ಬೆನ್ನ ಹಿಂದೆ ನಿಂತು ಇವತ್ತೇ ಒಮ್ಮೆ ಕರೆಯಿರಿ.