ಒಂದು ಒಳಲೆ ಹಾಲು

ಈಗಿನವರು ನನ್ನನ್ನು ಕೈಗೆತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, "ಇದೇನಿದು, ಕುಂಕುಮದ ಬಟ್ಟಲಾ?" ಎಂದು ಕೇಳುತ್ತಾರೆ. ನನಗೆ ಮೈಯೆಲ್ಲ ಉರಿದುಹೋಗುತ್ತದೆ. ನಾನು ಒಳಲೆ ಕಣ್ರೀ, ಒಳಲೆ! ಹಸುಗೂಸಿಗೆ ಹಾಲನ್ನೋ ಬಜೆ ತೇದ ನೀರನ್ನೋ ಕುಡಿಸಲಿಕ್ಕೆಂದೇ ಮಾಡಿದ ಬೆಳ್ಳಿಯ ಒಳಲೆ. ಒಂದು ಕಡೆ ದುಂಡು ಹೊಟ್ಟೆ, ಇನ್ನೊಂದು ಕಡೆ ಕೂಸಿನ ಬಾಯಿಗೆ ಹೊಂದುವ ಸಣ್ಣ ಮೂತಿ. ನಿಮಗೆ ಸ್ವಲ್ಪ ವಯಸ್ಸಾಗಿದ್ದರೆ ನನ್ನಂಥವಳ ಮೂತಿಯನ್ನು ನೀವೂ ಚೀಪಿಯೇ ಇರುತ್ತೀರಿ. ನೆನಪಿಲ್ಲ, ಅಷ್ಟೆ.

ನಾನು ಹುಟ್ಟಿದ್ದು ತಿಪಟೂರಿನಲ್ಲಿ, ಅಕ್ಕಸಾಲಿ ಕಾಳಾಚಾರ್ಯರ ಕುಲುಮೆಯಲ್ಲಿ. ಶಿವಗಂಗಮ್ಮ ಎಂಬ ಚೊಚ್ಚಲ ಬಸುರಿಯ ಹಳೆಯ ಕಾಲುಗೆಜ್ಜೆಗಳನ್ನು ಕರಗಿಸಿ ನನ್ನನ್ನು ಮಾಡಿದರು. "ಕೂಸಿನ ವಸಡಿಗೆ ತಾಕೋದು, ನುಣ್ಣಗಿರ್ಬೇಕು" ಎಂದು ಆಚಾರ್ಯರು ಒಂದಿಡೀ ದಿನ ನನ್ನ ಮೂತಿಯನ್ನೇ ಉಜ್ಜಿದರು. ಅಷ್ಟು ಅಕ್ಕರೆಯಿಂದ ಆಮೇಲೆ ಯಾರೂ ನನ್ನ ಮುಖ ನೋಡಲಿಲ್ಲ ಬಿಡಿ.

ಗಂಗಮ್ಮನಿಗೆ ಹೆಣ್ಣುಕೂಸು ಹುಟ್ಟಿತು. ಕೂಸಿಗೆ ಎರೆಯಲು ಬಂದವಳು ದೇವೀರಮ್ಮ. ಆಗ ಅವಳಿಗೆ ಮೂವತ್ತೂ ದಾಟಿರಲಿಲ್ಲ. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಬಾಣಂತಿಯರ ಮನೆಗಳೇ ಅವಳ ಬದುಕು. ಅವಳು ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಮೊಣಕಾಲ ಮೇಲೆ ಅಂಗಾತ ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಎರೆದು, ಸಾಂಬ್ರಾಣಿ ಹೊಗೆ ಹಿಡಿದು, ಕಡೆಗೆ ನನ್ನನ್ನು ಎತ್ತಿಕೊಳ್ಳುತ್ತಿದ್ದಳು. ಎಡಗೈಯಲ್ಲಿ ಕೂಸಿನ ಕೆನ್ನೆ ಒತ್ತಿ ಬಾಯಿ ತೆರೆಸಿ, ಬಲಗೈಯಲ್ಲಿ ನನ್ನನ್ನು ಬಗ್ಗಿಸುವಳು. ಗುಳುಗುಳು ಸದ್ದು. ಆಮೇಲೆ ಗುಟುಕ್. ನಾನು ಕೆಳಗಿನಿಂದ ಕಂಡ ಲೋಕ ಅದು: ಪುಟ್ಟ ವಸಡು, ಪುಟ್ಟ ಮೂಗಿನ ಹೊಳ್ಳೆ, ಮೇಲೆ ಬಗ್ಗಿದ ದೇವೀರಮ್ಮನ ಗಲ್ಲ.

ಐವತ್ತು ದಿನ ಚೆನ್ನಾಗಿತ್ತು. ಒಂದು ಬೆಳಗ್ಗೆ ಹಾಲು ಹುಯ್ಯುವಾಗ ಕೂಸು ಕೆಮ್ಮಿತು. ದೇವೀರಮ್ಮ ನನ್ನನ್ನು ಕೆಳಗಿಟ್ಟಳು. ಮತ್ತೆ ಎತ್ತಿಕೊಂಡಳು. ಕೂಸಿನ ಮೂಗಿನಲ್ಲಿ ಒಂದು ಬಿಳಿಯ ಗುಳ್ಳೆ ಎದ್ದು ಒಡೆಯಿತು. ಅಂದು ಸಂಜೆ ಜ್ವರ, ಮಾರನೆಯ ದಿನ ಗೊರಗೊರ ಉಸಿರು, ಮೂರನೆಯ ದಿನ ಕೂಸು ಇಲ್ಲ. ದೃಷ್ಟಿಯಾಯಿತು ಎಂದರು ಮನೆಯವರು. ದೇವೀರಮ್ಮನೂ ಹೌದೆಂದಳು.

"ಇದನ್ನ ನನ್ ಕಣ್ಮುಂದೆ ಇಡ್ಬೇಡ ದೇವೀರಕ್ಕ. ತಗೊಂಡ್ಹೋಗ್ಬಿಡು" ಎಂದು ಗಂಗಮ್ಮ ನನ್ನನ್ನು ಅವಳ ಸೆರಗಿಗೆ ಹಾಕಿದಳು.

ಹೀಗೆ ನಾನು ಎಲೆಅಡಿಕೆ ಚೀಲದಲ್ಲಿ ಕೂತು ಮನೆಮನೆ ಸುತ್ತಿದೆ. ಎಷ್ಟು ಕೂಸುಗಳು! ಲೆಕ್ಕವಿಟ್ಟವರಾರು? ಎಲ್ಲವೂ ಗುಂಡುಗುಂಡಾಗಿ ಬೆಳೆದವು. "ನನ್ ಕೈಯಲ್ಲಿ ಒಂದು ಕೂಸೂ ಕೆಟ್ಟಿಲ್ಲ ಕಣಮ್ಮ" ಎಂದು ದೇವೀರಮ್ಮ ಹೋದಲ್ಲೆಲ್ಲ ಹೇಳುವಳು. ಹಾಗೆ ಹೇಳುವಾಗಲೆಲ್ಲ ಅವಳ ಹೆಬ್ಬೆರಳು ನನ್ನ ಹೊಟ್ಟೆಯನ್ನು ಒಂದು ಸಲ ಒತ್ತುತ್ತಿತ್ತು. ಗಂಗಮ್ಮನ ಬೀದಿ ಬಂದರೆ ಸುತ್ತುಹಾಕಿ ಬೇರೆ ದಾರಿಯಲ್ಲಿ ನಡೆಯುತ್ತಿದ್ದಳು. ಗಂಗಮ್ಮನಿಗೆ ಆಮೇಲೆ ಇಬ್ಬರು ಗಂಡುಮಕ್ಕಳಾದರು. ಎರೆಯಲು ನಮ್ಮನ್ನು ಕರೆಯಲಿಲ್ಲ, ನಾವೂ ಹೋಗಲಿಲ್ಲ.

ಕಾಲ ಬದಲಾಯಿತು. ಒಂದು ಮನೆಯ ಸೊಸೆ, ಪಾಪ, ಮೆಲ್ಲಗೇ ಹೇಳಿದಳು: "ಅಜ್ಜಿ, ಹಂಗೆ ಬಾಯಿಗೆ ಹುಯ್ಬೇಡಿ ಅಂದಿದಾರೆ ಡಾಕ್ಟ್ರು. ಉಸಿರಿಗೆ ಹೋಗುತ್ತಂತೆ."

ದೇವೀರಮ್ಮನಿಗೆ ಎಲ್ಲಿಲ್ಲದ ಸಿಟ್ಟು. "ನಿನ್ ಗಂಡಂಗೂ ಇದರಲ್ಲೇ ಹುಯ್ದಿದ್ದು ನಾನು. ಗಟ್ಟಿಮುಟ್ಟಾಗಿಲ್ವಾ?" ಎಂದು ಅರ್ಧ ಎರೆದ ಕೂಸನ್ನು ಅಲ್ಲೇ ಬಿಟ್ಟು ಎದ್ದು ಬಂದಳು. ನಾನೂ ಭೇಷ್ ಎಂದುಕೊಂಡೆ. ಮುಂದೆ ಯಾರೂ ಕರೆಯಲಿಲ್ಲ. ವಠಾರದ ಕಡೆಯ ಕೋಣೆಯಲ್ಲಿ ಅವಳೊಬ್ಬಳು, ಗೋಡೆಯ ಗೂಡಿನ ತಗಡಿನ ಡಬ್ಬಿಯಲ್ಲಿ ನಾನೊಬ್ಬಳು. ವರ್ಷಕ್ಕೊಮ್ಮೆ ಹಬ್ಬಕ್ಕೆ ತೊಳೆಯುವಾಗ ಮುಖಾಮುಖಿ. ಒಂಟಿತನ ಅಂದರೆ ಏನು ಎಂದು ಕೇಳಬೇಡಿ. ಮೂತಿ ಇದ್ದೂ ಬಾಯಿಗೆ ತಾಗದೆ ಬಿದ್ದಿರುವುದು, ಅಷ್ಟೇ.

ಹದಿನೈದು ವರ್ಷ ಹೀಗೆ ಕಳೆಯಿತು. ಆಮೇಲೆ ಬಂದವು ಅಳಿಲುಗಳು.

ವಠಾರದ ಹಿತ್ತಲಿನ ತೆಂಗಿನ ಮರಕ್ಕೆ ಕಾಯಿ ಕೀಳಲು ರುದ್ರೇಶ ಹತ್ತಿದ್ದ. ಒಣಗರಿ ಜಗ್ಗಿದಾಗ ಅದರ ಸಂದಿನಲ್ಲಿದ್ದ ನಾರಿನ ಗೂಡು ದೊಪ್ಪನೆ ಬಿತ್ತು. ತಾಯಿ ಅಳಿಲು ಕಿಚಕಿಚ ಎನ್ನುತ್ತ ಮರದಿಂದಿಳಿದು ಮರಿಗಳ ಕಡೆ ಓಡಿತು. ವಠಾರದ ಬೆಕ್ಕು ಗೋಡೆಯ ಮೇಲೇ ಕೂತಿತ್ತು. ದೇವೀರಮ್ಮ ಚೊಂಬು ಎಸೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಉಳಿದದ್ದು ಮೂರು ಮರಿ. ಕಣ್ಣು ಬಿಟ್ಟಿಲ್ಲ, ಮೈಮೇಲೆ ಒಂದು ಕೂದಲಿಲ್ಲ, ಬರೀ ಕೆಂಪು ಚರ್ಮ.

"ಬಿಟ್ಬಿಡಜ್ಜಿ, ಬದುಕಲ್ಲ ಅವು" ಎಂದ ರುದ್ರೇಶ.

"ಬದುಕಲ್ಲ ಅನ್ನಕ್ಕೆ ನೀನ್ಯಾರೋ? ನನ್ ಕೈಗೆ ಬಂದಿರೋ ಕೂಸುಗಳು" ಎಂದಳು ದೇವೀರಮ್ಮ.

ಹದಿನೈದು ವರ್ಷದ ಮೇಲೆ ಡಬ್ಬಿಯ ಮುಚ್ಚಳ ತೆರೆಯಿತು! ನನ್ನ ಸಂತೋಷ ಏನೆಂದು ಹೇಳಲಿ? ಅವಳು ಹಸುವಿನ ಹಾಲು ಕಾಯಿಸಿ ಆರಿಸಿದಳು. ಕಾಲು ನೀಡಿ ಕೂತಳು. ಒಂದು ಮರಿಯನ್ನು ಅಂಗೈಯಲ್ಲಿ ಅಂಗಾತ ಮಲಗಿಸಿದಳು. ಬೆರಳತುದಿಯಿಂದ ಬಾಯಿ ತೆರೆಸಿ, "ಕುಡಿಯಪ್ಪ ನನ್ ಬಂಗಾರ" ಎಂದು ನನ್ನನ್ನು ಬಗ್ಗಿಸಿದಳು. ಅವಳ ಕೈ ಏನನ್ನೂ ಮರೆತಿರಲಿಲ್ಲ. ಅದೇ ತಪ್ಪಾಯಿತು ನೋಡಿ.

ಮರಿಯ ಮೂಗಿನಲ್ಲಿ ಒಂದು ಬಿಳಿಯ ಗುಳ್ಳೆ ಎದ್ದು ಒಡೆಯಿತು.

ಆ ಮರಿ ಮಧ್ಯಾಹ್ನವೇ ಸತ್ತಿತು. ಎಳೆಯದು, ತಾಳಲಿಲ್ಲ ಎಂದುಕೊಂಡಳು ದೇವೀರಮ್ಮ. ಎರಡನೆಯದಕ್ಕೆ ಇನ್ನೂ ಜೋಪಾನವಾಗಿ, ಅರ್ಧ ಒಳಲೆ ಹುಯ್ದಳು. ಅದಕ್ಕೂ ಗುಳ್ಳೆ. ಬೆಳಗಾಗುವಷ್ಟರಲ್ಲಿ ಅದರ ಪುಟ್ಟ ಎದೆ ಗೊರಗೊರ ಎನ್ನುತ್ತಿತ್ತು. ಅವಳು ಅದನ್ನು ಕಿವಿಗೆ ಹಿಡಿದು ಕೇಳಿದಳು. ಆ ಸದ್ದು ನಮ್ಮಿಬ್ಬರಿಗೂ ಗೊತ್ತಿತ್ತು. ನನ್ನನ್ನು ನೆಲದ ಮೇಲಿಟ್ಟು, ಮುಟ್ಟದೆ, ಬಹಳ ಹೊತ್ತು ನೋಡಿದಳು. ಎರಡನೆಯದೂ ಹೋಯಿತು.

ಮೂರನೆಯದನ್ನು ಬುಟ್ಟಿಯಲ್ಲಿ, ಹಳೆ ಸೀರೆಯಲ್ಲಿ ಸುತ್ತಿ, ನನ್ನನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ದನದ ಆಸ್ಪತ್ರೆಗೆ ಹೋದಳು. ಅಲ್ಲಿ ಕಾಂಪೌಂಡರ್ ಬಸವಲಿಂಗಯ್ಯ ಇದ್ದ. ನಗುತ್ತಾನೇನೋ ಎಂದುಕೊಂಡೆ. ಪುಣ್ಯಾತ್ಮ, ನಗಲಿಲ್ಲ. "ಹೆಂಗೆ ಕುಡಿಸಿದ್ರಿ, ತೋರ್ಸಿ" ಎಂದ. ತೋರಿಸಿದಳು.

"ಅಯ್ಯೋ ಅಮ್ಮ, ಅಂಗಾತ ಹಿಡಿದು ಹುಯ್ದ್ರೆ ಹಾಲು ಹೊಟ್ಟೆಗೆ ಹೋಗಲ್ಲ, ಎದೆಗೂಡಿಗೆ ಇಳಿಯುತ್ತೆ. ಬೋರಲು ಹಿಡ್ಕೊಳಿ. ತೊಟ್ಟುತೊಟ್ಟೇ ಬಿಡಿ, ಅದೇ ಚೀಪ್ಬೇಕು. ಹಸುವಿನ ಹಾಲು ಬೇಡ, ಮೇಕೆ ಹಾಲು ತೆಳ್ಳಗೆ ಮಾಡಿ. ಮೈ ಬೆಚ್ಚಗಾದ ಮೇಲೇ ಕುಡಿಸಿ. ಕುಡಿಸಿದ ಮೇಲೆ ಒದ್ದೆ ಹತ್ತಿಯಲ್ಲಿ ಕೆಳಗೆ ಸವರಿ, ಇಲ್ಲಾಂದ್ರೆ ಉಚ್ಚೆ ಹೊಯ್ಯಲ್ಲ" ಎಂದು ಸೂಜಿಯಿಲ್ಲದ ಒಂದು ಸಣ್ಣ ಸಿರಿಂಜು ಕೊಟ್ಟ.

ದೇವೀರಮ್ಮ ಹೊರಟವಳು ಬಾಗಿಲಲ್ಲಿ ನಿಂತಳು. "ಮನುಷ್ಯರ ಕೂಸಿಗೂ ಹಂಗಾಗುತ್ತಾ ಸ್ವಾಮಿ?"

"ಎಲ್ಲಕ್ಕೂ ಆಗಲ್ಲ. ಯಾವುದೋ ಒಂದಕ್ಕೆ ಆಗಿಬಿಡುತ್ತೆ" ಎಂದ ಅವನು.

ದಾರಿಯುದ್ದಕ್ಕೂ ಅವಳ ಹೆಬ್ಬೆರಳು ನನ್ನ ಹೊಟ್ಟೆಯ ಮೇಲೇ ಇತ್ತು.

ಆಮೇಲಿನ ದಿನಗಳನ್ನು ನಾನು ಗೋಡೆಯ ಗೂಡಿನಲ್ಲಿ ಕೂತು ನೋಡಿದೆ. ನನ್ನ ಜಾಗದಲ್ಲಿ ಆ ಪ್ಲಾಸ್ಟಿಕ್ಕಿನ ಕಡ್ಡಿ! ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು. ಆದರೂ ಅವಳ ಜೊತೆ ನಾನೂ ಉಸಿರು ಬಿಗಿಹಿಡಿಯುತ್ತಿದ್ದೆ. ಬಿಸಿನೀರಿನ ಸೀಸೆಗೆ ಬಟ್ಟೆ ಸುತ್ತಿ ಬುಟ್ಟಿಯಲ್ಲಿಡುವಳು. ಎರಡು ಗಂಟೆಗೊಮ್ಮೆ ಮರಿಯನ್ನು ಅಂಗೈಯಲ್ಲಿ ಬೋರಲು ಹಿಡಿದು ಒಂದು ತೊಟ್ಟು ಬಿಡುವಳು, ಮೂಗು ನೋಡುವಳು. ಗುಳ್ಳೆ ಇಲ್ಲ. ಇನ್ನೊಂದು ತೊಟ್ಟು. ಮತ್ತೆ ಮೂಗು. ಮರಿಗೆ ಹೆಸರಿಡಲಿಲ್ಲ. ಪಕ್ಕದ ಮನೆಯವರು ಕೇಳಿದರೆ, "ಬದುಕ್ಲಿ ಮೊದ್ಲು" ಎನ್ನುವಳು.

ಬದುಕಿತು. ಮೈಮೇಲೆ ಬೂದುಬಣ್ಣದ ತುಪ್ಪಳ ಬಂತು, ಬೆನ್ನಿನ ಗೆರೆ ಮೂಡಿತು, ಕಣ್ಣು ಬಿಟ್ಟಿತು. ಅಂದು ದೇವೀರಮ್ಮ ಒಬ್ಬಳೇ ಕೂತು ಬಿಕ್ಕಿಬಿಕ್ಕಿ ಅತ್ತಳು. ಇನ್ನಷ್ಟು ದಿನಕ್ಕೆ ಅವಳ ತೋಳು ಹತ್ತಿ ತುರುಬಿನಲ್ಲಿ ಕೂರುವ ಪುಂಡಾಟ ಶುರುವಾಯಿತು. ಒಮ್ಮೆ ನನ್ನ ಹೊಟ್ಟೆಯೊಳಗೆ ಒಂದು ಕಡಲೆಬೀಜ ಬಚ್ಚಿಟ್ಟಿತ್ತು. ಎಷ್ಟೋ ವರ್ಷದ ಮೇಲೆ ನನ್ನನ್ನು ಯಾರೋ ನಂಬಿದ್ದರು. ಕಿಟಕಿಯಿಂದ ತೆಂಗಿನ ಮರಕ್ಕೆ, ಮರದಿಂದ ಕಿಟಕಿಗೆ ಕೆಲವು ದಿನ ಓಡಾಡಿತು. ಒಂದು ದಿನ ಹೋದದ್ದು ಒಳಗೆ ಬರಲಿಲ್ಲ. ದೇವೀರಮ್ಮ ಎರಡು ದಿನ ಕಿಟಕಿ ತೆರೆದೇ ಇಟ್ಟಿದ್ದು, "ಹೋಗ್ಲಿ, ಅದರ ಪಾಡು ಅದು ನೋಡ್ಕೊಳುತ್ತೆ" ಎಂದು ಬುಟ್ಟಿ ಒದರಿ ಎತ್ತಿಟ್ಟಳು. ಕೋಣೆ ಮತ್ತೆ ಖಾಲಿಯಾಯಿತು.

ಮೂರನೆಯ ದಿನ ನನ್ನನ್ನು ವಿಭೂತಿ ಹಾಕಿ ಬೆಳಗಿದಳು. ಸೊಂಟಕ್ಕೆ ಸಿಕ್ಕಿಸಿಕೊಂಡು, ಸುತ್ತುಹಾಕದೆ, ನೇರ ಗಂಗಮ್ಮನ ಬೀದಿಗೆ ನಡೆದಳು.

ಗಂಗಮ್ಮ ಜಗಲಿಯ ಮೇಲೆ ಹೂ ಕಟ್ಟುತ್ತಿದ್ದಳು. ತಲೆಯೆಲ್ಲ ಬೆಳ್ಳಗಾಗಿತ್ತು. ನನ್ನನ್ನು ಕಂಡು ಅವಳ ಕೈ ನಿಂತಿತು.

"ಗಂಗಮ್ನೋರೆ, ಒಂದ್ ಮಾತು ಹೇಳ್ಬೇಕು. ಕೇಳಿದ್ಮೇಲೆ ಬೈಯಿರಿ, ಆಚೆ ಕಳ್ಸಿ, ಏನಾದ್ರೂ ಮಾಡಿ." ದೇವೀರಮ್ಮ ನಿಂತುಕೊಂಡೇ ಅಳಿಲುಗಳ ಕತೆ ಹೇಳಿದಳು. "ನಿಮ್ ಕೂಸಿಗೂ ಮೂಗಲ್ಲಿ ಹಂಗೇ ಗುಳ್ಳೆ ಬಂದಿತ್ತು. ನಾನು ನೋಡಿದ್ದೆ. ಎಲ್ರೂ ದೃಷ್ಟಿ ಅಂದ್ರು, ನಾನೂ ಹೂಂ ಅಂದೆ. ದೃಷ್ಟಿ ಅಲ್ಲ ಗಂಗಮ್ನೋರೆ. ನನ್ ಕೈಯಿ ಅದು."

ಗಂಗಮ್ಮ ಹೂವಿನ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಕೂಸು ಕೆಮ್ದಾಗ ನೀನು ಒಳಲೆ ಕೆಳಗಿಟ್ಟೆ ದೇವೀರಕ್ಕ. ಇವತ್ತು ಸಾಕು ಅಂದೆ. ಮರ್ತ್ಯಾ?"

ದೇವೀರಮ್ಮ ನನ್ನನ್ನು ಸೊಂಟದಿಂದ ತೆಗೆದು ಜಗಲಿಯ ಮೇಲಿಟ್ಟಳು.

"ಮೈ ಹಿಡೀತಿಲ್ಲ, ಇನ್ನೊಂದು ಒಳಲೆ ಹಾಕು ಅಂದೋಳು ನಾನು. ನಲವತ್ತೆರಡು ವರ್ಷ ಆಯ್ತು. ನಮ್ ಯಜಮಾನ್ರಿಗೂ ಹೇಳ್ಲಿಲ್ಲ. ನೀನು ಯಾರಿಗಾದ್ರೂ ಹೇಳ್ಬಿಟ್ಟೀಯ ಅಂತ ನಿನ್ನ ಈ ಬಾಗಿಲಿಗೇ ಕರೀಲಿಲ್ಲ."

ಅದು ನಿಜ. ಆ ಮಾತು ಅಂದು ನನಗೂ ಕೇಳಿಸಿತ್ತು. ನಿಮಗೆ ಹೇಳುವಾಗ ಬೇಕೆಂದೇ ಬಿಟ್ಟಿದ್ದೆ, ಕ್ಷಮಿಸಿ. ಆ ಎರಡನೆಯ ಒಳಲೆ ಹಾಲನ್ನು ಹೊತ್ತವಳು ನಾನಲ್ಲವೇ?

ಇಬ್ಬರೂ ಜಗಲಿಯ ಮೇಲೆ ಕೂತರು, ನಡುವೆ ನಾನು. ಯಾರೂ ಯಾರನ್ನೂ ಸಮಾಧಾನ ಮಾಡಲಿಲ್ಲ. ಬಿಸಿಲು ಮೆಟ್ಟಿಲಿಗೆ ಇಳಿದ ಮೇಲೆ ದೇವೀರಮ್ಮ ಎದ್ದಳು. ನನ್ನ ಕಡೆ ಕೈ ಚಾಚಿದಳು.

"ಅದಿಲ್ಲೇ ಇರ್ಲಿ" ಎಂದಳು ಗಂಗಮ್ಮ.

ದೇವೀರಮ್ಮ ಬರಿಗೈಯಲ್ಲಿ ಹೋದಳು. ನಾನು ತಿರುವಿನವರೆಗೂ ನೋಡಿದೆ. ಮಳೆಗಾಲಕ್ಕೆ ಮೊದಲೇ ಅವಳು ತೀರಿಕೊಂಡಳು ಎಂದು ಯಾರೋ ಹೇಳಿದ್ದು ಕೇಳಿಸಿತು. ಅವಳ ಹೆಬ್ಬೆರಳು ಒತ್ತಿದ ಜಾಗ ನನ್ನ ಹೊಟ್ಟೆಯ ಮೇಲೆ ತುಸು ತಗ್ಗಾಗಿದೆ. ಅದೊಂದೇ ಅವಳ ಗುರುತು.

ಈಗ ನಾನು ಗಂಗಮ್ಮನ ಹಿತ್ತಲ ಗೋಡೆಯ ಮೇಲಿದ್ದೇನೆ. ಕಪ್ಪಾಗಿದ್ದೇನೆ, ಯಾರೂ ಬೆಳಗುವುದಿಲ್ಲ. ದಿನಾ ಬೆಳಗ್ಗೆ ಗಂಗಮ್ಮ ನನ್ನ ತುಂಬ ನೀರು ಹುಯ್ದು ಒಳಗೆ ಹೋಗುತ್ತಾಳೆ. ಆಮೇಲೆ ದಿನವಿಡೀ ನಾನೊಬ್ಬಳೇ. ಬಿಸಿಲೇರಿದಾಗ ಅಳಿಲುಗಳು ಬರುತ್ತವೆ. ಕಡಲೆಬೀಜ ಬಚ್ಚಿಟ್ಟ ನಮ್ಮ ಮರಿ ಅವುಗಳಲ್ಲಿ ಇದೆಯೋ ಇಲ್ಲವೋ, ಎಲ್ಲಕ್ಕೂ ಮೂರೇ ಗೆರೆ, ಹೇಗೆ ಗೊತ್ತಾಗಬೇಕು? ಗೋಡೆಗೆ ಹೊಟ್ಟೆ ಒತ್ತಿ, ನನ್ನ ಮೂತಿಗೆ ಬಾಯಿಟ್ಟು, ಬೇಕಾದಷ್ಟೇ ಕುಡಿಯುತ್ತವೆ. ನಾನು ಒಂದಿಷ್ಟೂ ಅಲ್ಲಾಡದೆ, ಅವುಗಳ ಮೂಗನ್ನೇ ನೋಡುತ್ತಿರುತ್ತೇನೆ.