ಲಂಡನ್ನಿಗೆ ಹೋಗಬೇಕಾದ ಹೆಸರು

ನಾನು ಹಳಿಯಾಳದ ಮಾಮಲೇದಾರ ಕಚೇರಿಯಲ್ಲಿ ಅವ್ವಲ್ ಕಾರಕೂನ, ಅಂದರೆ ಹಿರಿಯ ಗುಮಾಸ್ತನಾಗಿದ್ದಾಗ ಊರಿನ ಬೇಡದ ಕೆಲಸಗಳೆಲ್ಲ ನನ್ನ ಮೇಜಿಗೇ ಬಂದು ಬೀಳುತ್ತಿದ್ದವು. ದನ ಹೊಲಕ್ಕೆ ನುಗ್ಗಿದ್ದು, ಬದು ಒತ್ತಿದ್ದು, ಅತ್ತೆ ಸೊಸೆಯ ಬಂಗಾರ, ಎಲ್ಲವನ್ನೂ ಕಂಡಿದ್ದೆ. ಆದರೆ ಲಾರಿಗೆ ಕಟ್ಟುವ ಒಂದು ತಗಡಿನ ಡಬ್ಬಿಗಾಗಿ ಲಂಡನ್ನಿನ ಸರಕಾರದಿಂದ ಪೇಟೆಂಟ್ ಬೇಕು ಎಂದು ಬಂದವನು ಶೇಖಪ್ಪನೊಬ್ಬನೇ.

ಸಾವಿರದ ಒಂಬೈನೂರಾ ನಲವತ್ತೆರಡನೆಯ ಇಸವಿ. ಯುದ್ಧದ ದೆಸೆಯಿಂದ ಪೆಟ್ರೋಲು ಕಣ್ಣಿಗೆ ಬೀಳುತ್ತಿರಲಿಲ್ಲ. ಲಾರಿಗಳೆಲ್ಲ ಬೆನ್ನಿಗೊಂದು ಒಲೆ ಕಟ್ಟಿಕೊಂಡು ಇದ್ದಿಲಿನ ಅನಿಲದಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಅನ್ನುವುದು ಬಾಯಿಮಾತು. ಇದ್ದಿಲಿನ ಬೂದಿ, ಜಿಡ್ಡು ಎಂಜಿನ್ನಿಗೆ ಹೊಕ್ಕು ಏರು ಬಂದಲ್ಲೆಲ್ಲ ನಿಂತುಬಿಡುತ್ತಿದ್ದವು. ದಾಂಡೇಲಿಯಿಂದ ಮರದ ನಾಟಾ ಸಾಗಿಸುತ್ತಿದ್ದ ಶೇಖಪ್ಪನ ಲಾರಿ ಮಾತ್ರ ನಿಲ್ಲುತ್ತಿರಲಿಲ್ಲ. ಅದರ ಒಲೆಗೂ ಎಂಜಿನ್ನಿಗೂ ನಡುವೆ ಒಂದು ಡಬ್ಬಿ ಇತ್ತು. ಅದರೊಳಗೆ ಒಣಗಿದ ತುಪ್ಪದ ಹೀರೇಕಾಯಿಯ ನಾರು, ಅಡ್ಡ ಒಂದು ಪದರ, ಉದ್ದ ಒಂದು ಪದರ. ಕೆಳಗೆ ನೀರಿನ ತಟ್ಟೆ. ಹೊಗೆಯ ಕೊಳೆಯೆಲ್ಲ ಅಲ್ಲಿಯೇ ಉಳಿಯುತ್ತಿತ್ತು. ಜನ ಅದನ್ನು ಹೊಗೆ ಜರಡಿ ಎಂದು ಕರೆದರು.

ಜರಡಿಯ ಬಗ್ಗೆ ಹಿಂದಿನ ವರ್ಷವೇ ಶೇಖಪ್ಪನ ಹೆಸರಲ್ಲಿ ಕಲಕತ್ತೆಯ ಪೇಟೆಂಟ್ ಆಫೀಸಿಗೆ ಅರ್ಜಿ ಹೋಗಿತ್ತು. ಬರೆಸಿದವರು ಮುಂಬಯಿಯ ಕಾವಸಜಿ ವಕೀಲರು. ಕಲಕತ್ತೆಗೆ ಅರ್ಜಿ ಕೊಟ್ಟವನು ವರ್ಷದೊಳಗೆ ಲಂಡನ್ನಿಗೂ ಕೊಟ್ಟರೆ ಅಲ್ಲಿ ಕಲಕತ್ತೆಯ ತಾರೀಖೇ ನಡೆಯುತ್ತದೆ, ನಡುವೆ ಬೇರೆ ಯಾರೇ ನುಗ್ಗಿದ್ದರೂ ಅವರು ಹಿಂದೆ ಬೀಳುತ್ತಾರೆ ಎಂದು ಅವರು ನನಗೆ ಬಿಡಿಸಿ ಹೇಳಿದರು. ನುಗ್ಗಿದವನು ಇದ್ದ. ಬೆಳಗಾವಿಯ ಒಬ್ಬ ಗ್ಯಾರೇಜಿನವನಿಗೆ ಶೇಖಪ್ಪನೇ ರಸ್ತೆ ಬದಿಯಲ್ಲಿ ಡಬ್ಬಿ ಬಿಚ್ಚಿ ತೋರಿಸಿದ್ದ, ಹೊಗಳಿಕೆಗೆ ಮರುಳಾಗಿ. ಆತ ಅದೇ ಜರಡಿಯನ್ನು ತನ್ನದೆಂದು ಲಂಡನ್ನಿಗೆ ಅರ್ಜಿ ಹಾಕಿದ್ದಲ್ಲದೆ, ಶೇಖಪ್ಪ ಇದನ್ನು ಮಾಡಿದವನೇ ಅಲ್ಲ ಎಂದು ವಕೀಲರಿಗೂ ಒಂದು ಕಾಗದ ಬರೆದಿದ್ದ.

ಹಾಗಾಗಿ ಶೇಖಪ್ಪನ ಪ್ರಮಾಣದ ಜೊತೆಗೆ, ಜರಡಿ ಮಾಡಿದ್ದನ್ನು ಕಣ್ಣಾರೆ ಕಂಡವರ ಪ್ರಮಾಣವೂ ಮ್ಯಾಜಿಸ್ಟ್ರೇಟರ ಎದುರಿಗೆ ಆಗಬೇಕಿತ್ತು. ಕಂಡವಳು ಒಬ್ಬಳೇ, ಅವನ ಹೆಂಡತಿ ಶಿವಗಂಗವ್ವ. ಕಲಕತ್ತೆಯ ಅರ್ಜಿಗೆ ವರ್ಷ ತುಂಬುತ್ತ ಬಂದಿತ್ತು. ಚಳವಳಿಯವರು ತಂತಿ ಕಡಿದು, ಹಳಿ ಕಿತ್ತಿದ್ದರಿಂದ ಟಪಾಲು ಯಾವಾಗ ಹೋಗುತ್ತದೆ ಯಾವಾಗ ಬರುತ್ತದೆ ಎಂಬ ನೆಚ್ಚಿಕೆ ಉಳಿದಿರಲಿಲ್ಲ. ಕಾವಸಜಿ ತಾವೇ ಬಂದಿದ್ದರು. ಅಂದೇ ಕಾಗದ ಹಿಡಿದು ಅಳ್ನಾವರದಲ್ಲಿ ರೈಲು ಹತ್ತಿದರೆ ಮಾತ್ರ ಮುಂಬಯಿಯ ವಿಮಾನದ ಟಪಾಲು ಸಿಕ್ಕೀತು. ಇತ್ತ ಮ್ಯಾಜಿಸ್ಟ್ರೇಟರೂ ಆಗಿದ್ದ ನಮ್ಮ ಮಾಮಲೇದಾರ ಸಾಹೇಬರು ಮುಂಡಗೋಡಕ್ಕೆ ಹೊರಟು ನಿಂತಿದ್ದರು. ಅಲ್ಲಿ ಯಾರೋ ಚಾವಡಿಗೆ ಬೆಂಕಿ ಇಟ್ಟಿದ್ದರಂತೆ. ಪೋಲೀಸರ ವ್ಯಾನು ಎಂಜಿನ್ ಆರಿಸದೆ ಕಚೇರಿಯ ಬಾಗಿಲಲ್ಲೇ ಗುರುಗುಡುತ್ತಿತ್ತು. ನನಗೆ ಅವಸರದವರನ್ನು ಕಂಡರೆ ಮೈ ಉರಿಯುತ್ತದೆ. ಅವತ್ತು ಸುತ್ತಲಿದ್ದವರೆಲ್ಲ ಅವಸರದವರೇ.

ಶೇಖಪ್ಪನ ಪ್ರಮಾಣಪತ್ರ ಬರೆದು ಸಿದ್ಧವಾಗಿತ್ತು, ಸಹಿಯೊಂದು ಬಾಕಿ. ಮೊದಲು ಸಾಕ್ಷಿ ಆಗಲಿ ಎಂದರು ಸಾಹೇಬರು. ಶಿವಗಂಗವ್ವ ಸೆರಗು ಹೊದ್ದು ಕಂಬದ ಪಕ್ಕ ನಿಂತಿದ್ದಳು. ನಾನು ಅವಳಿಂದ ದೇವರ ಮೇಲೆ ಆಣೆ ಮಾಡಿಸಿ, ಜರಡಿಯನ್ನು ಮೊದಲು ಮಾಡಿದವರು ಯಾರು, ಹೆಸರು ಹೇಳು ಎಂದೆ.

ಅವಳು ಬಾಯಿ ಬಿಡಲಿಲ್ಲ.

ಕಾವಸಜಿಯವರ ಮುಖ ಸುಣ್ಣದಂತಾಯಿತು. ಸಾಕ್ಷಿ ತಿರುಗಿಬಿತ್ತೆಂದು ಅವರಿಗೆ ಅನ್ನಿಸಿರಬೇಕು. ನಾನು ಮರಾಠಿಯಲ್ಲಿ ಸಮಾಧಾನ ಹೇಳಿದೆ: ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಅಂಜಿಕೆ. ಅವರು ಬಾಗಿಲಾಚೆಯ ವ್ಯಾನನ್ನೂ ಗಡಿಯಾರವನ್ನೂ ನೋಡಿ, ಹೆಸರಿಲ್ಲದೆ ಲಂಡನ್ನಿನವರು ಒಪ್ಪುವುದಿಲ್ಲ ಎಂದರು. ಶೇಖಪ್ಪ ಬೆವರು ಒರೆಸಿಕೊಂಡ. ಸಾಹೇಬರು ಟೊಪ್ಪಿಗೆ ಕೈಗೆತ್ತಿಕೊಂಡರು.

ಆಗ ನನಗೆ ಹೊಳೆಯಿತು. ಮದುವೆ, ಸೀಮಂತಗಳಲ್ಲಿ ಗಂಡನ ಹೆಸರು ಹೇಳು ಎಂದು ಹೆಂಗಸರನ್ನು ಕಾಡುತ್ತಾರಲ್ಲ, ಆಗ ಅವರು ಹೆಸರನ್ನು ಪದ್ಯದಲ್ಲಿ ಸೇರಿಸಿ ಒಡಪು ಹಾಕಿ ಹೇಳುತ್ತಾರೆ. ಒಡಪಿನಲ್ಲಿ ಹೇಳಿದರೆ ದೋಷವಿಲ್ಲ.

"ಒಡಪು ಹಾಕಿ ಹೇಳವ್ವಾ. ಯಾರೂ ನಗೂದಿಲ್ಲ," ಎಂದೆ.

ಶಿವಗಂಗವ್ವ ಗಂಡನ ಕಡೆ ನೋಡಿದಳು. ಆಮೇಲೆ ನೆಲಕ್ಕೆ ಕಣ್ಣು ನೆಟ್ಟು, ಮದುವೆಮನೆಯ ರಾಗದಲ್ಲೇ ಹೇಳಿದಳು.

"ಹಂದರದ ಮ್ಯಾಲ ಹೀರಿ ಬಳ್ಳಿ, ಅಂಗಳದಾಗ ರಂಗೋಲಿ,
ಹೊಗಿಯೊಳಗಿನ ಹೊಲಸು ಹಿಡೀತೈತಿ ಹೀರಿ ನಾರಿನ ಜಾಳಿ;
ಶೇಖಪ್ಪನವರ ಲಾರಿ ಓಡತೈತಿ ದಾಂಡೇಲಿ ದಾರಿ ಮ್ಯಾಲ,
ಅದರ ಜರಡಿ ಮಾಡಿದಾಕಿ ನಾನು, ಆಣಿ ಮಾಡಿ ಸುಳ್ಳ ಹೇಳೂದಿಲ್ಲ."

ಬರೆಯಲು ಎತ್ತಿದ ನನ್ನ ಟಾಕು ಗಾಳಿಯಲ್ಲೇ ನಿಂತಿತು. ಗಂಡನ ಹೆಸರು ಬಂತು, ಸರಿ. ಆದರೆ ಬರಬೇಕಾದ ಜಾಗದಲ್ಲಿ ಬರಲಿಲ್ಲ. ಕಾವಸಜಿ ಏನೆಂದಳು ಏನೆಂದಳು ಎಂದು ನನ್ನ ತೋಳು ಜಗ್ಗುತ್ತಿದ್ದರು. ಅನುವಾದ ಮಾಡಿ ಹೇಳಿದೆ. ಅವರು ಕುರ್ಚಿಗೆ ಕುಸಿದರು.

ಶೇಖಪ್ಪ ಮೋಸಗಾರನಲ್ಲ, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಡಬ್ಬಿಗೆ ತಗಡು ತಂದವನು ಅವನು, ಅದನ್ನು ಬಡಿಸಿ ಡಬ್ಬಿ ಮಾಡಿಸಿದವನು ಅವನು. ಮಸಿ ಮೆತ್ತಿಕೊಂಡು ಕೆಮ್ಮುತ್ತ ಬಂದ ಗಂಡನನ್ನು ನೋಡಲಾರದೆ, ಲಾರಿಗೆ ಮೊದಲಿದ್ದ ಹಳೆಯ ಡಬ್ಬಿಯನ್ನು ಅಂಗಳದಲ್ಲಿ ಸುರುವಿ, ಅದರ ತೆಂಗಿನ ನಾರು ಯಾಕೆ ಕಟ್ಟಿಕೊಳ್ಳುತ್ತದೆಂದು ಕುಂತು ನೋಡಿದವಳು ಇವಳು. ಹೀರೇ ನಾರು, ನೀರಿನ ತಟ್ಟೆ, ಹೊರಗೆಳೆದು ತೊಳೆಯುವ ಪದರ, ಎಲ್ಲ ಇವಳ ತಲೆಯಿಂದ ಬಂದದ್ದು. ಮಾಡಿದವರು ಯಾರೆಂದು ಮುಂಬಯಿಯ ವಕೀಲರು ಕೇಳಿದಾಗ ಅವನು ತನ್ನ ಹೆಸರು ಕೊಟ್ಟ. ಮನೆಯ ಎಮ್ಮೆಯನ್ನು ಹೆಂಡತಿ ಸಾಕಿದರೂ ಕೇಳಿದವರಿಗೆ ಗಂಡನ ಎಮ್ಮೆ ಎಂದೇ ಹೇಳುವುದಲ್ಲವೇ, ಹಾಗೆ. ಅದು ತಪ್ಪೆಂದು ಅವನಿಗೂ ಹೊಳೆದಿರಲಿಲ್ಲ, ನಮಗೂ ಹೊಳೆಯುತ್ತಿರಲಿಲ್ಲ.

ಕಾವಸಜಿ ಸಾವರಿಸಿಕೊಂಡು ಲೆಕ್ಕ ಬಿಡಿಸಿಟ್ಟರು. ಕಲಕತ್ತೆಯ ಅರ್ಜಿ ಶೇಖಪ್ಪನ ಹೆಸರಲ್ಲಿದೆ. ಲಂಡನ್ನಿನದೂ ಅವನ ಹೆಸರಲ್ಲೇ ಹೋದರೆ ಬೆಳಗಾವಿಯವನು ಹಿಂದೆ ಬೀಳುತ್ತಾನೆ. ಹೆಂಡತಿಯ ಹೆಸರಲ್ಲಿ ಹೋದರೆ ಕಲಕತ್ತೆಯ ತಾರೀಖು ಕೆಲಸಕ್ಕೆ ಬಾರದು, ಅಂದಿನಿಂದ ಹೊಸ ಅರ್ಜಿ. ಆಗ ಬೆಳಗಾವಿಯವನೇ ಮೊದಲು.

ಸಾಹೇಬರು ಕೆಟ್ಟವರಲ್ಲ. ಅವರಿಗೆ ಹೋಗುವ ತವಕ, ಇವರಿಗೆ ಒಳ್ಳೆಯದಾಗಲಿ ಎಂಬ ಆಸೆ. ನನ್ನ ಮುಂದಿದ್ದ ಖಾಲಿ ಹಾಳೆ ನೋಡಿ, ಇನ್ನೂ ಏನೂ ಬರೆದಿಲ್ಲವಲ್ಲ ಎಂದರು. ಒಡಪು ಎಂದರೆ ಹಾಡು, ಹಾಡು ಸಾಕ್ಷಿಯಾಗುವುದಿಲ್ಲ, ಮತ್ತೊಮ್ಮೆ ಕೇಳಿರಿ ಎಂದರು. ಕಾವಸಜಿ ಕಿಟಕಿಯಾಚೆ ನೋಡತೊಡಗಿದರು. ನಾನೂ ಕೇಳಲು ಬಾಯಿ ತೆರೆದೆ. ಎಲ್ಲರೂ ಸೇರಿ ಆ ಹೆಂಗಸಿಗೆ ಒಂದು ಸುಳ್ಳನ್ನು ತಟ್ಟೆಯಲ್ಲಿಟ್ಟು ಕೊಡುತ್ತಿದ್ದೆವು.

ಶಿವಗಂಗವ್ವ ನನ್ನ ಪ್ರಶ್ನೆಗೆ ಕಾಯಲಿಲ್ಲ. ಅವಳು ಗಂಡನಿಗೇ ಹೇಳಿದಳು.

"ಊರ ಮಂದಿ ಮುಂದ ನಿಮ್ಮ ಹೆಸರು ಬರಲಿ ಅಂತ ನಾನ ಸುಮ್ಮನ ಇದ್ದೆ. ಇವರು ದೇವರ ಮ್ಯಾಲ ಆಣಿ ಮಾಡಸ್ತಾರಂತ ನನಗೇನ ಗೊತ್ತಿತ್ತರೀ? ಅದು ನಾ ಮಾಡಿದ್ದು."

ಹೊರಗೆ ವ್ಯಾನಿನವನು ಹಾರ್ನ್ ಒತ್ತಿದ. ಶೇಖಪ್ಪನ ಮುಖದಲ್ಲಿ ಸಿಟ್ಟು ಬಂದದ್ದನ್ನು ನಾನು ಕಂಡೆ. ಬಂತು, ಮತ್ತು ಇಳಿಯಿತು. ಅವನು ಮುಂದೆ ಬಂದು, ತನ್ನ ಸಹಿಗಾಗಿ ಕಾದಿದ್ದ ಕಾಗದವನ್ನು ಮೇಜಿನಿಂದ ಎತ್ತಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ.

"ಹೊಸಾದು ಬರೀರಿ," ಎಂದ.

ಯಾರ ಹೆಸರು ಎಂದು ಕೇಳಿದೆ. ಕಚೇರಿಯ ರೀತಿ, ಅರ್ಜಿದಾರನ ಬಾಯಿಂದಲೇ ಬರಬೇಕು. ಆಗ ಗೊತ್ತಾಯಿತು, ನಮ್ಮಲ್ಲಿ ಗಂಡಸರೂ ಹೆಂಡತಿಯ ಹೆಸರು ಹೇಳುವವರಲ್ಲ. ಏ ಇಕಿನ, ಕೇಳಿಲ್ಲಿ, ಇಷ್ಟರಲ್ಲೇ ಬಾಳುವೆ ಮುಗಿಸುತ್ತೇವೆ. ಶೇಖಪ್ಪ ನನ್ನ ಹಾಳೆಯ ಮೇಲೆ ಬೆರಳಿಟ್ಟ.

"ಶಿವಗಂಗವ್ವ," ಎಂದ. ಒಡಪಿಲ್ಲ, ರಾಗವಿಲ್ಲ.

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ನಾನು ಬರೆದೆ, ಅವಳು ಹೆಬ್ಬೆಟ್ಟು ಒತ್ತಿದಳು, ಸಾಹೇಬರು ನಿಂತಲ್ಲೇ ಸಹಿ ಮಾಡಿ ವ್ಯಾನಿಗೆ ಓಡಿದರು. ಕಾವಸಜಿಯವರನ್ನು ಅಳ್ನಾವರಕ್ಕೆ ಒಯ್ದದ್ದು ಶೇಖಪ್ಪನ ಲಾರಿಯೇ. ಏರಿನಲ್ಲೂ ನಿಲ್ಲದೆ ಹೋಗಿ ರೈಲು ಹಿಡಿಸಿತಂತೆ.

ಲಂಡನ್ನಿನ ಪೇಟೆಂಟ್ ಬೆಳಗಾವಿಯವನಿಗೇ ಹೋಯಿತು. ಅಲ್ಲಿಯವರೆಗೆ ಹೋಗಿ ವ್ಯಾಜ್ಯ ಹೂಡುವ ಶಕ್ತಿ ಇವರಿಗಿರಲಿಲ್ಲ. ಕಲಕತ್ತೆಯ ಅರ್ಜಿಯಲ್ಲಿ ಮಾತ್ರ ಕಾವಸಜಿ ಓಡಾಡಿ ಹೆಸರು ತಿದ್ದಿಸಿಕೊಟ್ಟರು. ಲಂಡನ್ನಿನ ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಒಂದು ಸುಳ್ಳು ಹೆಸರು ಬರೆದಿದ್ದರೆ ಏನಾಗುತ್ತಿತ್ತು ಎಂದು ನನ್ನ ಮೇಲೆಯೇ ರೇಗಿಕೊಂಡೆ.

ಸ್ವಲ್ಪ ದಿನಗಳ ಮೇಲೆ ಕಚೇರಿಯ ಕೆಲಸಕ್ಕೆ ದಾಂಡೇಲಿಗೆ ಹೋಗುವುದಿತ್ತು. ಶೇಖಪ್ಪನ ಲಾರಿಯಲ್ಲೇ ಕುಳಿತೆ. ಅರಣ್ಯದ ನಾಕಾದಲ್ಲಿ ಹೊಸದಾಗಿ ಬಂದ ಗಾರ್ಡು ಲಾರಿ ನಿಲ್ಲಿಸಿ ಸುತ್ತ ಒಂದು ಸಲ ತಿರುಗಿದ. ಹೊಗೆ ಜರಡಿಯನ್ನು ಕೋಲಿನಿಂದ ತಟ್ಟಿ, ಇದೆಲ್ಲ ಯಾರದು ಎಂದು ಕೇಳಿದ.

ಶೇಖಪ್ಪ ಸ್ಟಿಯರಿಂಗ್ ಮೇಲಿನ ಕೈ ತೆಗೆಯದೆ ಉತ್ತರ ಕೊಟ್ಟ.

"ಲಾರಿ ನಂದರೀ. ಜರಡಿ ಶಿವಗಂಗವ್ವಂದು."